ಪರರ ಗುಟ್ಟಿಗೆ ನಮ್ಮ ಹೆಗಲು

ಗುಟ್ಟು ಎಂಬ ಶಬ್ದಕ್ಕೆ ನಮ್ಮ ಸಮಾಜದಲ್ಲಿ ಒಳ್ಳೆಯ ಹೆಸರಿಲ್ಲ. ಗುಟ್ಟು ಮಾಡುವವನು ಏನೋ ತಪ್ಪು ಮಾಡಿರಬೇಕು ಎಂದೇ ಜನ ತಿಳಿಯುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಹಾಗಿದ್ದೂ ನಾವೆಲ್ಲ ಮನೆಗೆ ಬಾಗಿಲು ಇಡುತ್ತೇವೆ, ಕಿಟಕಿಗೆ ಪರದೆ ಹಾಕುತ್ತೇವೆ, ಪತ್ರವನ್ನು ಲಕೋಟೆಯಲ್ಲಿಟ್ಟು ಅಂಟಿಸುತ್ತೇವೆ, ವೈದ್ಯರ ಮುಂದೆ ಕುಳಿತಾಗ ದನಿ ತಗ್ಗಿಸುತ್ತೇವೆ. ಇದನ್ನು ಯಾರೂ ಕಳ್ಳತನ ಎನ್ನುವುದಿಲ್ಲ, ಮರ್ಯಾದೆ ಎನ್ನುತ್ತಾರೆ. ಕೈಗೆ ಮೊಬೈಲು ಬಂದೊಡನೆ ಮಾತ್ರ ಈ ವಿವೇಕ ಅದೇಕೋ ನಮ್ಮನ್ನು ಬಿಟ್ಟು ಹೋಗುತ್ತದೆ.

ನಾವು ನಾಲ್ವರು ಸೇರಿ ಕರಾವಳಿಯ ಒಂದು ಪೇಟೆಯಲ್ಲಿ ಪ್ರತಿ ಭಾನುವಾರ ಸಣ್ಣದೊಂದು ಸೇವಾ ಕೇಂದ್ರ ನಡೆಸುತ್ತೇವೆ. ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಮೇಜು, ಒಂದು ಹಳೆಯ ಕಂಪ್ಯೂಟರ್, ಇಷ್ಟೇ ನಮ್ಮ ಆಸ್ತಿ. ವಿಧವಾ ವೇತನದ ಅರ್ಜಿ, ವಿದ್ಯಾರ್ಥಿವೇತನ, ಪಡಿತರ ಚೀಟಿಯ ತಿದ್ದುಪಡಿ, ಆಸ್ಪತ್ರೆ ಖರ್ಚಿಗೆ ನೆರವು ಕೋರುವ ಮನವಿ, ಇಂಥವನ್ನು ಬರೆದುಕೊಡುವುದು ಕೆಲಸ. ನಮ್ಮಲ್ಲಿ ಒಬ್ಬರು ನಿವೃತ್ತ ಹೈಸ್ಕೂಲು ಮಾಷ್ಟ್ರು, ಒಬ್ಬರು ವಕೀಲೆ, ಒಬ್ಬ ಮೊಬೈಲ್ ರಿಪೇರಿಯ ಹುಡುಗ, ಇನ್ನೊಬ್ಬರು ಬರವಣಿಗೆಯವರು. ಅರ್ಜಿ ಬರೆಯಲು ಕುಳಿತರೆ ಅರ್ಜಿ ಮಾತ್ರ ಬರುವುದಿಲ್ಲ. ಯಾರ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ, ಯಾರ ಗಂಡ ಎಷ್ಟು ತಿಂಗಳಿಂದ ಹಣ ಕಳಿಸಿಲ್ಲ, ಯಾರ ಒಡವೆ ಯಾವ ಬ್ಯಾಂಕಿನಲ್ಲಿದೆ ಎಂಬುದೆಲ್ಲ ಅದರ ಹಿಂದೆಯೇ ಬರುತ್ತದೆ.

2021ರ ಮಳೆಗಾಲದಲ್ಲಿ ಒಬ್ಬ ತಾಯಿ ನಮ್ಮಲ್ಲಿಗೆ ಬಂದರು. ಮಗುವಿನ ಚಿಕಿತ್ಸೆಗೆಂದು ಮೊಬೈಲಿನ ಒಂದು ಸಾಲದ ಆಪ್‌ನಿಂದ ಕೆಲವು ಸಾವಿರ ರೂಪಾಯಿ ತೆಗೆದುಕೊಂಡಿದ್ದರು. ಆಪ್ ಹಾಕಿಕೊಳ್ಳುವಾಗ ಅದು ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟಿದ್ದರಿಂದ ಫೋನಿನಲ್ಲಿದ್ದ ಹೆಸರು, ನಂಬರುಗಳೆಲ್ಲ ಸಾಲ ಕೊಟ್ಟವರ ಕೈಸೇರಿದ್ದವು. ಕಂತು ಒಂದು ವಾರ ತಡವಾದದ್ದೇ ಸಾಕು, ಅತ್ತೆಗೆ, ನಾದಿನಿಗೆ, ಮಗುವಿನ ಟೀಚರಿಗೆ, ಕೊನೆಗೆ ಮನೆಬಾಗಿಲಿಗೆ ಮೀನು ತರುವವನಿಗೂ ‘ಈಕೆ ಮೋಸಗಾರ್ತಿ’ ಎಂಬ ಸಂದೇಶ ಹೋಯಿತು. ಸಾಲದ ಆಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಕಡತ, ಕರೆಗಳ ವಿವರ ಮುಟ್ಟಬಾರದೆಂದು ರಿಸರ್ವ್ ಬ್ಯಾಂಕು ಮಾರ್ಗಸೂಚಿ ಹೊರಡಿಸಿದ್ದು 2022ರ ಸೆಪ್ಟೆಂಬರಿನಲ್ಲಿ. ಈ ತಾಯಿಯ ಪಾಲಿಗೆ ಅದು ತಡವಾಗಿತ್ತು. ನಮ್ಮ ವಕೀಲೆ ದೂರು ಬರೆದುಕೊಟ್ಟರು, ಹುಡುಗ ಆಪ್ ತೆಗೆದುಹಾಕಿದ, ಕ್ರಮೇಣ ಸಂದೇಶಗಳು ನಿಂತವು. ಆದರೆ ಹೊರಡುವ ಮುಂಚೆ ಆಕೆ ಕೇಳಿದ ಮಾತು ನಮ್ಮಲ್ಲೇ ಉಳಿಯಿತು: ‘‘ಅಕ್ಕಾ, ನಿಮಗೆ ಫೋನ್ ಮಾಡಿದ್ದು ಕೂಡ ಅವರಿಗೆ ಗೊತ್ತಾಗ್ತದಾ?’’

ಸಾಲದವರಿಗೆ ಗೊತ್ತಾಗುವುದಿಲ್ಲ ಎಂದೆವು. ಆದರೆ ಯಾರಿಗೂ ಗೊತ್ತಾಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ವಾಟ್ಸಾಪ್ 2016ರಿಂದ ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸಿ ಕಳಿಸುತ್ತದೆ. ಒಳಗಿನ ಮಾತನ್ನು ದಾರಿಯಲ್ಲಿ ಯಾರೂ ಓದಲಾರರು. ಆದರೆ ಲಕೋಟೆಯ ಮೇಲಿನ ಬರಹ ಹಾಗೆಯೇ ಇರುತ್ತದೆ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ, ಎಷ್ಟು ಸಲ ಎಂಬ ವಿವರ ನಡುವೆ ಕುಳಿತ ಕಂಪೆನಿಯ ಕಣ್ಣಿಗೆ ಬೀಳುತ್ತದೆ. ರಾತ್ರಿ ಹನ್ನೊಂದಕ್ಕೆ ಒಬ್ಬ ಹೆಂಗಸು ವಿಚ್ಛೇದನದ ವಕೀಲರಿಗೆ ಮೂರು ಸಲ ಫೋನ್ ಮಾಡಿದಳು ಎಂದರೆ ಒಳಗಿನ ಮಾತು ಕೇಳಬೇಕಾದ ಅಗತ್ಯವಾದರೂ ಏನಿದೆ?

ನಡುವೆ ಕುಳಿತವರನ್ನು ಬಗ್ಗಿಸಿ ಮಾಹಿತಿ ಪಡೆಯುವುದು ಸರಕಾರಗಳಿಗೆ ಬಹಳ ಸುಲಭ. 2011ರ ಸೈಬರ್ ಕೆಫೆ ನಿಯಮಗಳು ಬಂದಾಗ ನಮ್ಮ ಪೇಟೆಯ ಕೆಫೆಗಳಲ್ಲಿ ಗುರುತಿನ ಚೀಟಿಯ ನಕಲು ಕೊಡದೆ ಕುಳಿತುಕೊಳ್ಳುವಂತಿರಲಿಲ್ಲ. ಬಂದವರ ದಾಖಲೆಯನ್ನು ವರ್ಷವಿಡೀ ಕಾಪಾಡಬೇಕು, ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರವಿರಕೂಡದು, ಅಡ್ಡಗೋಡೆಯಿಲ್ಲದ ಕಡೆ ಪರದೆಯ ಮುಖ ಹೊರಗೆ ಇರಬೇಕು ಎಂದೆಲ್ಲ ಅದರಲ್ಲಿತ್ತು. 2022ರ ಏಪ್ರಿಲಿನಲ್ಲಿ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್, ವಿಪಿಎನ್ ಸೇವೆ ಕೊಡುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ನಿರ್ದೇಶಿಸಿತು. ಹಲವು ಕಂಪೆನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದವು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಕ್ಕೊರಲಿನಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2024ರಲ್ಲಿ ಅವರು ತೀರಿಕೊಂಡರು. ಹಕ್ಕು ಬಂತು. ಆದರೆ ಹಕ್ಕು ಕಾಗದದಲ್ಲಿರುವುದಕ್ಕೂ ನಮ್ಮ ಕೋಣೆಯ ಮೇಜಿನ ಮೇಲೆ ಇರುವುದಕ್ಕೂ ವ್ಯತ್ಯಾಸವಿದೆ.

ನಡುವೆ ಯಾರೂ ಕುಳಿತಿರದ ಜಾಲವೊಂದು ಇದೆಯೇ ಎಂದು ನಾವು ಹುಡುಕಲು ಹೊರಟದ್ದು ಹೀಗೆ.

ಅಂಗಡಿಗೆ ಹೋಗಿ ಸಕ್ಕರೆ ತರುವುದು ಒಂದು ರೀತಿ; ಬೇಲಿಯಾಚೆಯ ಮನೆಯಿಂದ ಒಂದು ಲೋಟ ಸಕ್ಕರೆ ಕೇಳಿ ತರುವುದು ಇನ್ನೊಂದು ರೀತಿ. ಇಂಟರ್‌ನೆಟ್ಟಿನಲ್ಲಿ ನಾವು ಮಾಡುವುದೆಲ್ಲ ಹೆಚ್ಚುಕಡಿಮೆ ಅಂಗಡಿ ವ್ಯವಹಾರ. ದೊಡ್ಡ ಕಂಪೆನಿಯ ಸರ್ವರಿಗೆ ಹೋಗುತ್ತೇವೆ, ಬೇಕಾದ್ದನ್ನು ಪಡೆಯುತ್ತೇವೆ, ನಮ್ಮ ಲೆಕ್ಕ ಅಲ್ಲಿನ ಪುಸ್ತಕದಲ್ಲಿ ಉಳಿಯುತ್ತದೆ. ಎರಡನೆಯ ರೀತಿಗೆ ಪೀರ್-ಟು-ಪೀರ್ ಎಂಬ ಹೆಸರು. ಅಲ್ಲಿ ಕಂಪ್ಯೂಟರುಗಳೆಲ್ಲ ಸರಿಸಮಾನರು. ಕೊಡುವವನೂ ಪಡೆಯುವವನೂ ಒಬ್ಬನೇ. 1999ರ ನ್ಯಾಪ್‌ಸ್ಟರ್, 2001ರ ಬಿಟ್‌ಟೊರೆಂಟ್ ಇದೇ ಜಾತಿಯವು. ಆದರೆ ಇವುಗಳಲ್ಲಿ ಮರೆ ಇರಲಿಲ್ಲ, ಯಾರು ಯಾರಿಂದ ಏನು ತೆಗೆದುಕೊಂಡರೆಂದು ನೋಡಬಯಸಿದವರಿಗೆ ಕಾಣುತ್ತಿತ್ತು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಯಾನ್ ಕ್ಲಾರ್ಕ್ ಎಂಬವರ ಯೋಜನೆಯಿಂದ ಹುಟ್ಟಿ 2000ದಲ್ಲಿ ಹೊರಬಂದ ಫ್ರೀನೆಟ್, ಈ ಬೇಲಿಯ ವ್ಯವಹಾರಕ್ಕೆ ಮರೆಯನ್ನೂ ಸೇರಿಸಿತು. 2003ರಲ್ಲಿ ಐಟುಪಿ ಬಂತು. ಅದೃಶ್ಯ ಇಂಟರ್‌ನೆಟ್ ಯೋಜನೆ ಎಂಬುದು ಅದರ ಪೂರ್ಣ ಹೆಸರಿನ ಅರ್ಥ. ಆರಂಭದ ವರ್ಷಗಳಲ್ಲಿ ಅದನ್ನು ಮುನ್ನಡೆಸಿದವರು ಜೆರ್ಯಾಂಡಮ್ ಎಂಬ ಅಂಕಿತದವರು. 2008ರ ಹೊತ್ತಿಗೆ ಅವರು ಮರೆಯಾದರು. ಕೆಲಸ ಮಾತ್ರ ನಿಲ್ಲಲಿಲ್ಲ. ಉಳಿದ ಸ್ವಯಂಸೇವಕರು ಮುಂದುವರಿಸಿದರು.

ನಾವು ಆರಿಸಿಕೊಂಡದ್ದು ಈ ಐಟುಪಿಯನ್ನು. ಇದರ ಕೆಲಸದ ಕ್ರಮ ತಿಳಿಯಲು ಅಡುಗೆಮನೆಗೆ ಹೋದರೆ ಸಾಕು. ಹೆಚ್ಚು ಹೆಸರಾದ ಟಾರ್ ಎಂಬ ಜಾಲದ್ದು ನೀರುಳ್ಳಿಯ ಪದ್ಧತಿ. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡದ್ದು ಇದು. ಸಂದೇಶಕ್ಕೆ ಪದರದ ಮೇಲೆ ಪದರ ಗೂಢಲಿಪಿಯ ಹೊದಿಕೆ. ದಾರಿಯಲ್ಲಿನ ಪ್ರತಿ ಕಂಪ್ಯೂಟರು ಒಂದೊಂದು ಪದರ ಸುಲಿದು ಮುಂದಿನವರಿಗೆ ಕೊಡುತ್ತದೆ. ತನಗೆ ಕೊಟ್ಟವರಾರು, ತಾನು ಕೊಡಬೇಕಾದವರಾರು ಎಂಬುದಷ್ಟೇ ಅದಕ್ಕೆ ಗೊತ್ತು. ಐಟುಪಿಯವರು ತಮ್ಮದನ್ನು ಬೆಳ್ಳುಳ್ಳಿ ಪದ್ಧತಿ ಎನ್ನುತ್ತಾರೆ. ಒಂದೇ ಸಿಪ್ಪೆಯೊಳಗೆ ಹಲವು ಎಸಳುಗಳಂತೆ ಹಲವು ಸಂದೇಶಗಳನ್ನು ಒಟ್ಟಿಗೆ ಕಟ್ಟಿ ಕಳಿಸಬಹುದು. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಒಂದೊಂದು ದಾರಿಯ ಆಯುಷ್ಯ ಹತ್ತೇ ನಿಮಿಷ. ಆಮೇಲೆ ಹೊಸ ದಾರಿ, ಹೊಸ ಕಂಪ್ಯೂಟರುಗಳು. ‘‘ಇದನ್ನು ಮಾಡಿದವರಿಗೆ ಒಳ್ಳೆಯ ಸಾರು ಮಾಡಲು ಬರುತ್ತಿರಬೇಕು’’ ಎಂದರು ಮಾಷ್ಟ್ರು.

ಎರಡಕ್ಕೂ ಇನ್ನೊಂದು ಭೇದವಿದೆ, ಈ ಲೇಖನದ ತಿರುಳೂ ಅದೇ. ಟಾರ್‌ನಲ್ಲಿ ಬಳಸುವವರು ಬೇರೆ, ಹೊರುವವರು ಬೇರೆ. ಲಕ್ಷಾಂತರ ಜನ ಬಳಸುತ್ತಾರೆ. ಅವರ ಹೊರೆಯನ್ನು ಕೆಲವು ಸಾವಿರ ಸ್ವಯಂಸೇವಕ ಯಂತ್ರಗಳು ಹೊರುತ್ತವೆ. ಐಟುಪಿಯಲ್ಲಿ ಒಳಗೆ ಬಂದವರೆಲ್ಲ, ತಾವಾಗಿ ಬೇಡವೆನ್ನದಿದ್ದರೆ, ಹೊರುವವರೇ. ನಮ್ಮ ಮಾತನ್ನು ಇತರರು ಹೊತ್ತೊಯ್ಯಬೇಕಾದರೆ ಇತರರ ಮಾತಿಗೆ ನಾವೂ ಹೆಗಲು ಕೊಡಬೇಕು.

2022ರ ಮಳೆ ನಿಂತ ಮೇಲೆ ಕೆಲಸಕ್ಕೆ ಕೈಹಾಕಿದೆವು. ಕೋಣೆಯ ಹಳೆಯ ಕಂಪ್ಯೂಟರಿಗೆ ಹುಡುಗ ಲಿನಕ್ಸ್ ಹಾಕಿದ, ಅದರ ಮೇಲೆ ಐಟುಪಿ. ಇಳಿಸಿಕೊಳ್ಳುವುದಕ್ಕೆ ಹಣವಿಲ್ಲ, ಹೆಸರು ನೋಂದಾಯಿಸುವುದಿಲ್ಲ, ಫೋನ್ ನಂಬರ್ ಕೇಳುವುದಿಲ್ಲ. ಕಷ್ಟ ಕೊಟ್ಟದ್ದು ಗಡಿಯಾರ. ಕಂಪ್ಯೂಟರಿನ ಒಳಗಿರುವ ನಾಣ್ಯದಂಥ ಬ್ಯಾಟರಿ ಸತ್ತುಹೋಗಿ, ಪ್ರತಿ ಸಲ ಚಾಲೂ ಮಾಡಿದಾಗಲೂ ಅದು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತಿತ್ತು. ಈ ಜಾಲದಲ್ಲಿ ಗಡಿಯಾರ ಕೆಲವೇ ನಿಮಿಷ ತಪ್ಪಿದರೂ ಉಳಿದ ಕಂಪ್ಯೂಟರುಗಳು ನಮ್ಮನ್ನು ಮಾತನಾಡಿಸುವುದಿಲ್ಲ. ಹತ್ತೇ ನಿಮಿಷದ ದಾರಿಗಳನ್ನು ಕಟ್ಟುವವರಿಗೆ ಹೊತ್ತಿನ ಲೆಕ್ಕ ಸರಿಯಿರಲೇಬೇಕಲ್ಲ. ಬ್ಯಾಟರಿ ಬದಲಿಸಿದ ಮೇಲೆ ಯಂತ್ರ ಆರಂಭದ ವಿಳಾಸಗಳ ಗಂಟೊಂದನ್ನು ತರಿಸಿಕೊಂಡು, ನೆರೆಹೊರೆಯ ಪರಿಚಯ ಮಾಡಿಕೊಳ್ಳತೊಡಗಿತು.

ಈ ತಂತ್ರಾಂಶಕ್ಕೆ ಒಂದು ನಿಯಂತ್ರಣ ಪುಟವಿದೆ. ಬ್ರೌಸರಿನಲ್ಲಿ ನಮ್ಮದೇ ಯಂತ್ರದ 7657ನೆಯ ಬಾಗಿಲು ತಟ್ಟಿದರೆ ಅದು ತೆರೆದುಕೊಳ್ಳುತ್ತದೆ. ಅಲ್ಲಿ ಮೊದಲು ಕಂಡದ್ದು ‘ಫೈರ್‌ವಾಲ್ಡ್’ ಎಂಬ ಮಾತು. ಅಂದರೆ ನಾವು ಹೊರಗೆ ಹೋಗಬಹುದು; ಹೊರಗಿನವರು ನೇರವಾಗಿ ನಮ್ಮ ಬಾಗಿಲಿಗೆ ಬರುವಂತಿಲ್ಲ. ನಮ್ಮ ಕಡೆ ಇಂಟರ್‌ನೆಟ್ ಕೊಡುವ ಎಷ್ಟೋ ಕಂಪೆನಿಗಳು ನೂರಾರು ಮನೆಗಳಿಗೆ ಒಂದೇ ವಿಳಾಸವನ್ನು ಹಂಚುತ್ತವೆ. ಒಂದು ಓಣಿಗೆಲ್ಲ ಒಂದೇ ಮನೆ ನಂಬರ್ ಕೊಟ್ಟ ಹಾಗೆ. ಐಟುಪಿ ಇದಕ್ಕೂ ಉಪಾಯ ಮಾಡಿಕೊಂಡಿದೆ. ಮೂರನೆಯವರೊಬ್ಬರು ಇಬ್ಬರನ್ನೂ ಪರಿಚಯಿಸುತ್ತಾರೆ, ಆಮೇಲೆ ಇಬ್ಬರೂ ನೇರ ಮಾತನಾಡಿಕೊಳ್ಳುತ್ತಾರೆ. ವೇಗದ ಮಿತಿಯನ್ನು ಸೆಕೆಂಡಿಗೆ 30 ಕಿಲೋಬೈಟಿಗೆ ಇಟ್ಟೆವು. ಕೇಳಲು ಅಲ್ಪ, ಆದರೆ ದಿನವಿಡೀ ಹರಿದರೆ ಎರಡೂವರೆ ಗಿಗಾಬೈಟ್ ಆಗುತ್ತದೆ. ಒಳಗೆ ಬಂದದ್ದು ಹೊರಗೂ ಹೋಗಬೇಕಾದ್ದರಿಂದ ಲೆಕ್ಕ ಇಮ್ಮಡಿ. ಪ್ರಯತ್ನಿಸಬಯಸುವ ಓದುಗರು ತಮ್ಮ ಡೇಟಾ ಪ್ಯಾಕಿನ ಮಿತಿಯನ್ನು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಯಂತ್ರವನ್ನು ವಕೀಲೆಯ ಮನೆಯಲ್ಲಿಡುವ ಮುನ್ನ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿಟ್ಟು ಪರೀಕ್ಷೆ ಮಾಡಿದೆವು. ಮೊದಲ ಯಂತ್ರದಲ್ಲಿ ನಾಲ್ಕು ಸಾಲಿನ ಒಂದು ಕನ್ನಡ ಪುಟ ಇಟ್ಟೆವು. ಅದಕ್ಕೆ ಸಿಕ್ಕ ವಿಳಾಸ 52 ಅಕ್ಷರ, ಅಂಕಿಗಳ ಒಂದು ಸರಮಾಲೆ. ಯಾವ ಕಚೇರಿಯೂ ಕೊಟ್ಟದ್ದಲ್ಲ, ಯಾವ ಕಚೇರಿಯೂ ಕಿತ್ತುಕೊಳ್ಳಲಾರದು. ಎರಡನೆಯ ಯಂತ್ರದಲ್ಲಿ ಅದನ್ನು ತುಂಬಿ ಕಾದೆವು. ಹೋಗುವ ದಾರಿಯಲ್ಲಿ ನಮ್ಮ ಕಡೆಯ ಮೂರು ಯಂತ್ರ, ಆ ಕಡೆಯ ಮೂರು ಯಂತ್ರ. ಬರುವಾಗ ಮತ್ತೆ ಹಾಗೆಯೇ ಆರು. ಹತ್ತು ಅಡಿ ದೂರದ ಎರಡು ಮೇಜುಗಳ ನಡುವಿನ ಒಂದು ಪ್ರಶ್ನೋತ್ತರ ಹನ್ನೆರಡು ಅಪರಿಚಿತರ ಕೈದಾಟಿ ಬರಬೇಕು. ಅವರು ಯಾವ ಖಂಡದವರೋ, ಯಾವ ಭಾಷೆಯವರೋ. ಮೊದಲ ಸಲ ಪುಟ ಮೂಡಲು ಒಂದು ನಿಮಿಷ ಹಿಡಿಯಿತು. ಸಂಜೆಯ ಹೊತ್ತಿಗೆ ಜಾಲಕ್ಕೆ ನಮ್ಮ ಪರಿಚಯವಾಗಿ ಹತ್ತು ಸೆಕೆಂಡಿಗೆ ಇಳಿಯಿತು. ಅಂದಿನಿಂದ ಜನರ ಕಡತಗಳು ನಮ್ಮ ಕೋಣೆಯಿಂದ ವಕೀಲೆಯ ಮನೆಗೆ ಈ ದಾರಿಯಲ್ಲೇ ಹೋಗುತ್ತವೆ. ಯಾವ ಕಂಪೆನಿಯ ಕಪಾಟಿನಲ್ಲೂ ಅದರ ನಕಲು ಉಳಿಯುವುದಿಲ್ಲ. ಯಾರು ಯಾರಿಗೆ ಕಳಿಸಿದರೆಂಬ ಲಕೋಟೆಯ ಬರಹವೂ ಒಬ್ಬರ ಕೈಯಲ್ಲಿ ಪೂರ್ತಿಯಾಗಿ ಇರುವುದಿಲ್ಲ.

ನಿಯಂತ್ರಣ ಪುಟದಲ್ಲಿ ಇನ್ನೊಂದು ಅಂಕಿಯಿತ್ತು. ನಮ್ಮ ಯಂತ್ರ ಪಾಲುಗೊಂಡಿರುವ ಪರರ ದಾರಿಗಳೆಷ್ಟು ಎಂದು ತೋರಿಸುವಂಥದ್ದು. ಮೊದಲ ದಿನ ಸೊನ್ನೆ. ವಾರ ಕಳೆಯುವಾಗ ಹತ್ತಾರು. ಮಾಷ್ಟ್ರು ಕನ್ನಡಕ ಸರಿಮಾಡಿಕೊಂಡು ಅದನ್ನೇ ನೋಡಿದರು.

‘‘ಅಲ್ಲ ಮಾರಾಯ, ಇದೆಲ್ಲ ಯಾರದ್ದು? ಇದರೊಳಗೆ ಏನುಂಟು?’’

‘‘ಗೊತ್ತಾಗುವುದಿಲ್ಲ ಮಾಷ್ಟ್ರೇ. ಗೊತ್ತಾಗಬಾರದೆಂದೇ ಹಾಗೆ ಮಾಡಿದ್ದು’’ ಎಂದ ಹುಡುಗ.

‘‘ಗೊತ್ತಿಲ್ಲದ್ದನ್ನು ಹೊರುವುದಾ?’’

ಈ ಒಂದು ಪ್ರಶ್ನೆಯ ಮೇಲೆ ನಾವು ಮೂರು ಭಾನುವಾರ ವಾದ ಮಾಡಿದೆವು. ವಕೀಲೆ ಹೇಳಿದರು, ಬಂದರಿನ ಧಕ್ಕೆಯಲ್ಲಿ ಹಮಾಲಿ ಮೂಟೆ ಬಿಚ್ಚಿ ನೋಡಿ ಹೊರುವುದಿಲ್ಲ, ಅಂಚೆಯವನು ಲಕೋಟೆ ಒಡೆದು ಓದುವುದಿಲ್ಲ. ಒಡೆದರೆ ಅದೇ ಅಪರಾಧ. ಮಾಷ್ಟ್ರು ಒಪ್ಪಲಿಲ್ಲ. ಹಮಾಲಿಗೆ ಮಾಲಿಕನ ಮುಖ ಗೊತ್ತು, ಅಂಚೆಯವನ ಬೆನ್ನಿಗೆ ಇಲಾಖೆಯಿದೆ, ನಮ್ಮ ಬೆನ್ನಿಗೆ ಯಾರಿದ್ದಾರೆ ಎಂದರು. ಆಮೇಲೆ 2008ರ ಸಂಗತಿ ನೆನಪಿಸಿದರು. ಆ ಜುಲೈಯಲ್ಲಿ ಅಹಮದಾಬಾದಿನ ಸ್ಫೋಟಗಳಿಗೆ ಸ್ವಲ್ಪ ಮುಂಚೆ ಬಂದ ಬೆದರಿಕೆಯ ಇಮೇಲು ನವಿ ಮುಂಬಯಿಯಲ್ಲಿದ್ದ ಅಮೆರಿಕನ್ ಪ್ರಜೆಯೊಬ್ಬರ ವೈ-ಫೈ ಮೂಲಕ ಹೋಗಿತ್ತು. ಕಳಿಸಿದವರು ಬೇರೆ, ವಿಚಾರಣೆ ಎದುರಿಸಿದ್ದು ಅವರು. ‘‘ಅವರು ಅಮೆರಿಕದವರು, ಕೊನೆಗೆ ಊರಿಗೆ ಹೋದರು. ನಮ್ಮ ಹುಡುಗರಾದರೆ?’’ ಎಂದು ಕೇಳಿ ಮಾಷ್ಟ್ರು ಸುಮ್ಮನಾದರು. ಕೋಣೆಯಲ್ಲಿದ್ದ ಎಲ್ಲರಿಗೂ ಆ ಮಾತಿನ ಭಾರ ಗೊತ್ತಿತ್ತು. ಹೆಸರು ಕೇಳಿದೊಡನೆ ಅನುಮಾನ ಎದ್ದುನಿಲ್ಲುವ ಕಾಲದಲ್ಲಿ ‘ಡಾರ್ಕ್ ನೆಟ್’ ಎಂಬ ಶಬ್ದವೊಂದೇ ಪತ್ರಿಕೆಯ ಮುಖಪುಟಕ್ಕೆ ಸಾಕು.

ಹುಡುಗನ ಉತ್ತರ ತಾಂತ್ರಿಕವಾದದ್ದು, ಆದರೆ ಮುಖ್ಯವಾದದ್ದು. ಆ ವೈ-ಫೈ ಹೊರಗಿನ ಇಂಟರ್‌ನೆಟ್ಟಿಗೆ ತೆರೆದ ಬಾಗಿಲಾಗಿತ್ತು. ಬಂದವನು ಆ ಮನೆಯ ವಿಳಾಸದಿಂದಲೇ ಹೊರಗೆ ಮಾತನಾಡಿದ. ಐಟುಪಿಯಲ್ಲಿ ಸಾಮಾನ್ಯ ಯಂತ್ರ ಹಾಗೆ ಮಾಡುವುದಿಲ್ಲ. ಒಂದು ಗೂಢ ಗಂಟನ್ನು ಜಾಲದೊಳಗಿನ ಇನ್ನೊಂದು ಯಂತ್ರಕ್ಕೆ ದಾಟಿಸುತ್ತದೆ, ಅಷ್ಟೆ. ಹೊರಗಿನ ತಾಣಗಳಿಗೆ ಬಾಗಿಲು ತೆರೆಯುವ ಯಂತ್ರಗಳು ಬೇರೆ, ನಾವು ಅದಲ್ಲ. ನಾವು ಜಾಲದಲ್ಲಿರುವುದು ಮರೆಯಲ್ಲೇನೂ ಇಲ್ಲ. ಯಾವ ಯಂತ್ರಗಳು ಇಲ್ಲಿವೆ ಎಂಬ ಪಟ್ಟಿ ಜಾಲದಲ್ಲೇ ಹಂಚಿಹೋಗಿರುತ್ತದೆ, ಬೇಕಾದವರು ನೋಡಬಹುದು. ಮರೆಯಲ್ಲಿರುವುದು ಮಾತು ಮಾತ್ರ.

ಆದರೂ ನೈತಿಕ ಪ್ರಶ್ನೆ ಉಳಿಯುತ್ತದೆ. ಇಂಥ ಜಾಲಗಳ ಮರೆಯಲ್ಲಿ ಮಾದಕ ವಸ್ತುಗಳ ಸಂತೆ ನಡೆದದ್ದುಂಟು. ಟಾರ್‌ನಲ್ಲಿದ್ದ ಸಿಲ್ಕ್ ರೋಡ್ ಎಂಬ ಅಂಥದೊಂದು ಮಾರುಕಟ್ಟೆಯನ್ನು ಅಮೆರಿಕದ ಎಫ್‌ಬಿಐ ಮುಚ್ಚಿಸಿದ್ದು 2013ರ ಅಕ್ಟೋಬರಿನಲ್ಲಿ. ಅದಕ್ಕಿಂತ ಹೀನವಾದದ್ದೂ ನಡೆಯುತ್ತದೆ. ನಮ್ಮ ಹೆಗಲ ಮೇಲೆ ಹಾದುಹೋಗುವ ಗಂಟುಗಳಲ್ಲಿ ಅಂಥದ್ದು ಒಂದೂ ಇಲ್ಲವೆಂದು ಯಾರು ಹೇಳಬಲ್ಲರು? ನಮಗೆ ಬೇಕಾದ ಗುಟ್ಟುಗಳನ್ನಷ್ಟೇ ಆರಿಸಿ ಹೊರುವ ಉಪಾಯವಿಲ್ಲ. ಆರಿಸಬೇಕಾದರೆ ಒಡೆದು ನೋಡಬೇಕು. ಒಡೆದು ನೋಡುವ ಜಾಲದಲ್ಲಿ ಆ ತಾಯಿಯ ಕಡತಕ್ಕೂ ಮರೆ ಇರುವುದಿಲ್ಲ. ಈ ಸಂದಿಗ್ಧಕ್ಕೆ ಸುಲಭದ ಪರಿಹಾರ ನಮಗೆ ಕಂಡಿಲ್ಲ.

ಕೊನೆಗೆ ಕೆಲವು ಷರತ್ತುಗಳ ಮೇಲೆ ಮುಂದುವರಿಯಲು ಒಪ್ಪಿದೆವು. ಯಂತ್ರ ಕದ್ದುಮುಚ್ಚಿ ಇರಬಾರದು. ಕಟ್ಟಡದ ಮಾಲಿಕರಿಗೆ ಹೇಳಿದೆವು. ಏನು ಹಾಕಿದ್ದೇವೆ, ಯಾವ ದಿನ, ಯಾಕಾಗಿ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮೇಜಿನ ಮೇಲೆಯೇ ಇಟ್ಟೆವು. ಇಂಥ ತಂತ್ರಾಂಶ ಬಳಸುವುದೇ ಅಪರಾಧವೆನ್ನುವ ಕಾನೂನು ನಮ್ಮಲ್ಲಿಲ್ಲ, ಮತ್ತೇಕೆ ಅಡಗಬೇಕು? ಹೊರಗಿನ ಬಾಗಿಲು ಎಂದಿಗೂ ತೆರೆಯಕೂಡದು. ಮೂರು ತಿಂಗಳಿಗೊಮ್ಮೆ ಕುಳಿತು ಮತ್ತೆ ಚರ್ಚಿಸಬೇಕು. ನಾಲ್ವರಲ್ಲಿ ಇಬ್ಬರು ಬೇಡವೆಂದರೆ ನಿಲ್ಲಿಸಬೇಕು.

ಈ ಜಾಲ ಸರ್ವರೋಗಕ್ಕೂ ಮದ್ದು ಎಂದು ಯಾರೂ ತಿಳಿಯಬಾರದು. ಇಂಟರ್‌ನೆಟ್ಟೇ ಇಲ್ಲವಾದರೆ ಇದೂ ಇಲ್ಲ. 2019ರ ಡಿಸೆಂಬರ್ 19ರಂದು ಮಂಗಳೂರಿನ ಗೋಲಿಬಾರಿನಲ್ಲಿ ಇಬ್ಬರು ತೀರಿಕೊಂಡ ಬಳಿಕ ದಕ್ಷಿಣ ಕನ್ನಡದಲ್ಲಿ ಎರಡು ದಿನ ಮೊಬೈಲ್ ಇಂಟರ್‌ನೆಟ್ ನಿಂತದ್ದನ್ನು ನಾವೆಲ್ಲ ಅನುಭವಿಸಿದ್ದೇವೆ. ಕಾಶ್ಮೀರದವರು ಆ ವರ್ಷದ ಆಗಸ್ಟಿನಿಂದ ತಿಂಗಳುಗಟ್ಟಲೆ ಅನುಭವಿಸಿದರು. ಅಲ್ಲಿಗೆ 4ಜಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಹೀಗೆ ಅನಿರ್ದಿಷ್ಟ ಕಾಲ ತಡೆಯುವಂತಿಲ್ಲ, ಆದೇಶವನ್ನು ಪ್ರಕಟಿಸಬೇಕು ಎಂದು ಸುಪ್ರೀಂ ಕೋರ್ಟು 2020ರ ಜನವರಿ 10ರಂದು ಹೇಳಿತು. ಇಂಟರ್‌ನೆಟ್ ಇಲ್ಲದಾಗ ಹತ್ತಿರದ ಫೋನುಗಳ ನಡುವೆ ಬ್ಲೂಟೂತ್, ವೈ-ಫೈ ಮೂಲಕ ಸಂದೇಶ ದಾಟಿಸುವ ಬ್ರಯರ್ ಎಂಬ ಆಪ್ ಇದೆ. ಅದಕ್ಕೂ ನಂಬರ್ ಬೇಡ, ನಡುವಿನ ಕಂಪೆನಿ ಬೇಡ. 2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ತಡೆದ 14 ಆಪ್‌ಗಳಲ್ಲಿ ಅದೂ ಒಂದು. ಉಗ್ರರು ಬಳಸುತ್ತಾರೆಂಬುದು ಕೊಟ್ಟ ಕಾರಣ. ಕುಂಬಳಕಾಯಿ ಕಳ್ಳನ ಗಾದೆಗೆ ಬಲಿಯಾಗುವುದು ಮನುಷ್ಯರಷ್ಟೇ ಅಲ್ಲ, ತಂತ್ರಾಂಶಗಳೂ ಹೌದು. ಇನ್ನು ಕೈಯಲ್ಲಿರುವ ಫೋನಿನೊಳಗೇ ಬೇಹುಗಾರ ಕುಳಿತಿದ್ದರೆ ಯಾವ ಬೆಳ್ಳುಳ್ಳಿಯೂ ಕಾಯಲಾರದು. 2021ರ ಜುಲೈಯ ಪೆಗಾಸಸ್ ವರದಿಗಳು ನಮಗೆ ಕಲಿಸಿದ್ದು ಅದನ್ನು. ಅತ್ತೆಗೆ ಸಂದೇಶ ಹೋದ ಆ ತಾಯಿಗೆ ಬೇಕಾಗಿದ್ದದ್ದು ಐಟುಪಿಯಲ್ಲ. ಕೇಳಿದ ಅನುಮತಿಯನ್ನು ನಿರಾಕರಿಸುವ ತಿಳಿವಳಿಕೆ ಮತ್ತು ಆ ಸಾಲದವರನ್ನು ತಡೆಯುವ ಕಾನೂನು.

ಹಾಗಾದರೆ ಇಷ್ಟೆಲ್ಲ ಮಾಡಿ ನಮಗೆ ದಕ್ಕಿದ್ದೇನು? ಕಡತಗಳಿಗೆ ಒಂದು ಮರೆಯ ದಾರಿ ಸಿಕ್ಕಿತು, ನಿಜ. ಅದಕ್ಕಿಂತ ಮುಖ್ಯವಾಗಿ, ಖಾಸಗಿತನವೆಂದರೆ ಬಾಗಿಲು ಹಾಕಿಕೊಂಡು ಒಬ್ಬನೇ ಕುಳಿತುಕೊಳ್ಳುವುದು ಎಂಬ ಕಲ್ಪನೆ ಬದಲಾಯಿತು. ಜಾಲದಲ್ಲಿ ಒಬ್ಬನೇ ಇದ್ದರೆ ಯಾವ ಮರೆಯೂ ಇಲ್ಲ. ನೂರು ಜನ ಒಂದೇ ಬಣ್ಣದ ಗಂಟು ಹೊತ್ತು ನಡೆದಾಗ ಮಾತ್ರ ಯಾರ ಗಂಟು ಯಾರದ್ದೆಂದು ತಿಳಿಯುವುದಿಲ್ಲ. ಒಬ್ಬರ ಮಾನ ಉಳಿಯುವುದು ಇನ್ನೊಬ್ಬರು ನೋಡದೆ ಹೊತ್ತುಕೊಂಡಾಗ. ಊರಿನಲ್ಲಿ ಹಿಂದಿನಿಂದಲೂ ನಡೆದುಬಂದದ್ದೂ ಹೀಗೆಯೇ ಅಲ್ಲವೇ? ಪಕ್ಕದ ಮನೆಯ ಜಗಳ ಕೇಳಿಸಿದರೂ ಕೇಳಿಸದಂತೆ ಇದ್ದುಬಿಡುವ ನೆರೆಯವರಿಂದಲೇ ಎಷ್ಟೋ ಸಂಸಾರಗಳು ಉಳಿದಿವೆ.

ಯಂತ್ರವನ್ನು ನಿಲ್ಲಿಸಲು ಈ ತಂತ್ರಾಂಶದಲ್ಲಿ ಎರಡು ಗುಂಡಿಗಳಿವೆ. ಒಂದು ತಟ್ಟನೆ ನಿಲ್ಲಿಸುವುದು. ಇನ್ನೊಂದು ನಯವಾಗಿ ನಿಲ್ಲಿಸುವುದು. ಅದನ್ನು ಒತ್ತಿದರೆ ಯಂತ್ರ ಹೊಸ ಹೊರೆ ಒಪ್ಪುವುದಿಲ್ಲ, ಆದರೆ ಹೆಗಲ ಮೇಲಿರುವ ಪರರ ದಾರಿಗಳ ಆಯುಷ್ಯ ಮುಗಿಯುವವರೆಗೆ, ಹತ್ತು ಹನ್ನೊಂದು ನಿಮಿಷ, ಕಾದು ಆಮೇಲೆ ಆರುತ್ತದೆ. ಯಾರದೋ ಮಾತು ಅರ್ಧ ದಾರಿಯಲ್ಲಿ ಬೀಳಬಾರದೆಂಬ ಎಚ್ಚರ. ನಮ್ಮ ಕಡೆ ತುಲಾ ಮಾಸದ ಸಂಜೆಗಳಲ್ಲಿ ಸಿಡಿಲಿಗೆ ಹೆದರಿ ಎಲ್ಲರೂ ಮೊದಲು ಮಾಡುವ ಕೆಲಸ ಮೋಡೆಮಿನ ಪ್ಲಗ್ ಕೀಳುವುದು. ಮೂರು ತಿಂಗಳ ಗಡುವು ಆಮೇಲೆ ಎಷ್ಟೋ ಬಾರಿ ಬಂದು ಹೋಗಿದೆ. ಪ್ರತಿ ಬಾರಿಯೂ ಯಂತ್ರ ಬೇಡವೆಂದು ಕೈಯೆತ್ತಿದವರು ಮಾಷ್ಟ್ರು ಒಬ್ಬರೇ. ದೂರದಲ್ಲಿ ಗುಡುಗು ಕೇಳಿಸಿದ ಕೂಡಲೇ ಎದ್ದು, ಆ ಎರಡನೆಯ ಗುಂಡಿ ಒತ್ತಿ, ಪ್ಲಗ್ಗಿನ ಪಕ್ಕ ಕುರ್ಚಿ ಹಾಕಿಕೊಂಡು ಹತ್ತು ನಿಮಿಷ ಕಾಯುವವರೂ ಅವರೇ.